ಕನ್ನಡದಲ್ಲಿ ತುಂಬಿದ ಸಮೀಕ್ಷೆಯ ಡೇಟಾ: ಆರ್‌ನಲ್ಲಿ ಹಸನು ಮಾಡಿ ಲೆಕ್ಕ ಹಾಕುವ ಬಗೆ

ಊರಿನ ಹೆಸರು, ಬೆಳೆ, ಜಮೀನು, ಆದಾಯ ಎಲ್ಲವನ್ನೂ ಕನ್ನಡದಲ್ಲೇ ತುಂಬಿಸಿಕೊಂಡ ಸಮೀಕ್ಷೆ ಮುಗಿದಿದೆ ಎಂದಿಟ್ಟುಕೊಳ್ಳಿ. 30 ಊರು, ಊರಿಗೆ 20 ಮನೆ, ಒಟ್ಟು 600 ಸಾಲಿನ ಎಕ್ಸೆಲ್ ಫೈಲು. ಊರುವಾರು ಎಣಿಸಿದರೆ 30ರ ಬದಲು 37 ಊರು ಬರುತ್ತವೆ. ಒಂದೇ ಹೆಸರು ಎರಡೆರಡು ಸಲ ಇದೆ, ನೋಡಲು ಅಕ್ಷರಕ್ಕಕ್ಷರ ಒಂದೇ. ಜಮೀನಿನ ಸರಾಸರಿ ಪಹಣಿಗೆ ತಾಳೆಯಾಗುವುದಿಲ್ಲ. ಗ್ರಾಫ್ ಮಾಡಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಇಂಗ್ಲಿಷ್ ಡೇಟಾಕ್ಕೆಂದು ಬರೆದ ಪಾಠಗಳಲ್ಲಿ ಇವಕ್ಕೆ ಉತ್ತರ ಸಿಗುವುದಿಲ್ಲ. ಕನ್ನಡ ಬರಹ ಪರದೆಯ ಮೇಲೆ ಕಾಣುವುದು ಒಂದು ಥರ, ಫೈಲಿನೊಳಗೆ ಕೂತಿರುವುದು ಇನ್ನೊಂದು ಥರ. ಆರ್ ನೋಡುವುದು ಒಳಗಿನದನ್ನು ಮಾತ್ರ.

ಆರ್ ಎನ್ನುವುದು ಸಂಖ್ಯಾಶಾಸ್ತ್ರದ ಕೆಲಸಕ್ಕೆಂದೇ ಕಟ್ಟಿದ ಮುಕ್ತ ತಂತ್ರಾಂಶ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಶುರು ಮಾಡಿದ್ದು, 1.0.0 ಆವೃತ್ತಿ ಹೊರಬಂದಿದ್ದು 2000ದ ಫೆಬ್ರವರಿ 29ರಂದು. ಹಣ ಕೊಡಬೇಕಿಲ್ಲ, ಲೈಸೆನ್ಸ್ ಮುಗಿಯುವ ಭಯವಿಲ್ಲ. ಹೆಚ್ಚುವರಿ ಪ್ಯಾಕೇಜುಗಳು ಕ್ರ್ಯಾನ್ ಎಂಬ ಭಂಡಾರದಲ್ಲಿವೆ.

ಈ ಬರಹದಲ್ಲಿ ಆಜ್ಞೆಗಳ ಹೆಸರನ್ನು ಓದುವ ಹಾಗೆ ಕನ್ನಡದಲ್ಲೇ ಕೊಟ್ಟಿದೆ. ಚುಕ್ಕಿ, ಅಂಡರ್‌ಸ್ಕೋರ್ ಇದ್ದಲ್ಲಿ ಹಾಗೇ ಉಳಿಸಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ‘ಟ್ರೂ’, ‘ಎನ್‌ಎ’ಗಳಿಗೆ ಪೂರ್ತಿ ದೊಡ್ಡಕ್ಷರ; ಬೇರೆ ಕಡೆ ದೊಡ್ಡಕ್ಷರ ಬೇಕಿದ್ದರೆ ಅಲ್ಲೇ ಹೇಳಿದೆ. ಆರ್‌ಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಮೊದಲ ಮೂರು ನಾಲ್ಕು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಪೂರ್ತಿ ಹೆಸರು ತಾನೇ ಬರುತ್ತದೆ.

ಅನುಸ್ಥಾಪನೆ

ಮೊದಲು ಕ್ರ್ಯಾನ್ ತಾಣದಿಂದ ಆರ್, ಆಮೇಲೆ ಆರ್ ಜೊತೆ ಕೆಲಸ ಮಾಡಲು ಅನುಕೂಲದ ಕಿಟಕಿಯಾದ, ಪಾಸಿಟ್ ಕಂಪನಿಯ ಆರ್‌ಸ್ಟುಡಿಯೋ ಡೆಸ್ಕ್‌ಟಾಪಿನ ಉಚಿತ ಆವೃತ್ತಿ, ಇದೇ ಕ್ರಮದಲ್ಲಿ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ಕನ್ನಡದ ಕೆಲಸಕ್ಕೆ ಆರ್ 4.2.0 ಅಥವಾ ಅದಕ್ಕಿಂತ ಹೊಸದೇ ಬೇಕು. 2022ರಲ್ಲಿ ಬಂದ ಆ ಆವೃತ್ತಿಯಿಂದ ವಿಂಡೋಸ್‌ನಲ್ಲೂ ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆದಿಡಬಲ್ಲ ಯುಟಿಎಫ್-8 ಸಂಕೇತವೇ ಮೂಲವಾಯಿತು. ಅದಕ್ಕೆ ವಿಂಡೋಸ್ 10ರ 1903 ಆವೃತ್ತಿ ಅಥವಾ ನಂತರದ್ದು ಇರಬೇಕು. ಹಳೆಯ ಆರ್‌ನಲ್ಲಿ ‘ಕ’ ಅಕ್ಷರದ ಬದಲು ಚೂಪು ಆವರಣದೊಳಗೆ 0ಸಿ95 ಎಂಬ ಸಂಕೇತ ಮೂಡುತ್ತದೆ. ಪರೀಕ್ಷಿಸಲು ಕನ್ಸೋಲಿನಲ್ಲಿ ಎಲ್10ಎನ್_ಇನ್ಫೋ ಓಡಿಸಿ. ಯುಟಿಎಫ್-8 ಎದುರು ‘ಟ್ರೂ’ ಇದ್ದರೆ ಸರಿ.

ಆರ್‌ಸ್ಟುಡಿಯೋದ ‘ಟೂಲ್ಸ್’ ಮೆನುವಿನ ‘ಗ್ಲೋಬಲ್ ಆಪ್ಷನ್ಸ್’ನಲ್ಲಿ ಮೂರು ಬದಲಾವಣೆ ಮಾಡಿ. ‘ಜನರಲ್’ನಲ್ಲಿ ಹಳೆಯ ವರ್ಕ್‌ಸ್ಪೇಸ್ ಮರಳಿ ತರುವ ಗುರುತು ತೆಗೆದು, ಮುಚ್ಚುವಾಗ ಉಳಿಸುವುದಕ್ಕೆ ‘ನೆವರ್’ ಕೊಡಿ. ಇಲ್ಲದಿದ್ದರೆ ನಿನ್ನೆಯ ತಪ್ಪು ಡೇಟಾ ಇಂದಿನ ಕೆಲಸಕ್ಕೆ ಸದ್ದಿಲ್ಲದೆ ಬಂದು ಸೇರುತ್ತದೆ. ಅಲ್ಲೇ ‘ಗ್ರಾಫಿಕ್ಸ್’ ಟ್ಯಾಬಿನಲ್ಲಿ ಬ್ಯಾಕೆಂಡ್ ಅನ್ನು, ಅಂದರೆ ಚಿತ್ರ ಬಿಡಿಸುವ ಸಾಧನವನ್ನು, ಎಜಿಜಿಗೆ ಬದಲಿಸಿ. ಒತ್ತಕ್ಷರಕ್ಕೆ ಇದು ಬೇಕೇ ಬೇಕು. ‘ಕೋಡ್’ ವಿಭಾಗದ ‘ಸೇವಿಂಗ್’ನಲ್ಲಿ ಪಠ್ಯ ಸಂಕೇತ ಯುಟಿಎಫ್-8 ಇರಲಿ.

ಇನ್‌ಸ್ಟಾಲ್.ಪ್ಯಾಕೇಜಸ್ ಬಳಸಿ ಟೈಡಿವರ್ಸ್ (ಡೇಟಾ ಹಸನು ಮಾಡಲು), ಸ್ಟ್ರಿಂಗೈ (ಅಕ್ಷರಗಳ ಕೆಲಸಕ್ಕೆ), ಗ್ರಾಫಿಗೆ ಬೇಕಾದ ರ‍್ಯಾಗ್ ಮತ್ತು ಸಮೀಕ್ಷೆಯ ಲೆಕ್ಕಕ್ಕೆ ಸರ್ವೆ ಎಂಬ ನಾಲ್ಕು ಪ್ಯಾಕೇಜು ಹಾಕಿಕೊಳ್ಳಿ. ಎಕ್ಸೆಲ್ ಫೈಲು ಓದುವ ರೀಡೆಕ್ಸ್‌ಎಲ್ ಟೈಡಿವರ್ಸ್ ಜೊತೆಗೇ ಕಂಪ್ಯೂಟರಿಗೆ ಬರುತ್ತದೆ, ಆದರೆ ಅದನ್ನು ಲೈಬ್ರರಿ ಆಜ್ಞೆಯಿಂದ ಬೇರೆಯಾಗಿ ಕರೆಯಬೇಕು. ಪ್ಯಾಕೇಜು ಹಾಕಿಕೊಳ್ಳುವುದು ಒಂದೇ ಸಲ. ಲೈಬ್ರರಿ ಆಜ್ಞೆ ಮಾತ್ರ ಪ್ರತಿ ಸಲ ಆರ್ ತೆರೆದಾಗಲೂ ಬೇಕು. ಫಂಕ್ಷನ್ ಸಿಗಲಿಲ್ಲ ಎಂಬ ದೋಷ ಬಂದರೆ ಹತ್ತಕ್ಕೆ ಒಂಬತ್ತು ಸಲ ಈ ಎರಡನೆಯದು ಮರೆತಿರುತ್ತದೆ.

‘ಫೈಲ್’ ಮೆನುವಿನ ‘ನ್ಯೂ ಪ್ರಾಜೆಕ್ಟ್’ನಿಂದ ಒಂದು ಫೋಲ್ಡರ್ ಮಾಡಿ. ಅದರ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಖಾಲಿ ಜಾಗ ಬೇಡ. ಒಳಗೆ ಮೂಲ ಫೈಲಿಗೆ ಒಂದು, ಫಲಿತಾಂಶಕ್ಕೆ ಒಂದು ಉಪಫೋಲ್ಡರ್. ಮೂಲ ಫೈಲನ್ನು ಮುಟ್ಟಬೇಡಿ, ಒಂದು ಸೊನ್ನೆಯನ್ನೂ ಕೈಯಿಂದ ತಿದ್ದಬೇಡಿ. ತಿದ್ದುಪಡಿಯೆಲ್ಲ ಆಜ್ಞೆಗಳನ್ನು ಬರೆದಿಡುವ ಸ್ಕ್ರಿಪ್ಟ್‌ನಲ್ಲಿದ್ದರೆ ಆರು ತಿಂಗಳ ನಂತರ ಗೈಡೋ ಅಧಿಕಾರಿಯೋ ‘ಈ ಸಂಖ್ಯೆ ಹೇಗೆ ಬಂತು’ ಎಂದು ಕೇಳಿದಾಗ ತೋರಿಸಲು ಏನಾದರೂ ಇರುತ್ತದೆ.

ಆರ್‌ಗೆ ಕೊಡುವ ಮೊದಲು

ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಒಂದು ಕನ್ನಡ ಕೋಶಕ್ಕೆ ಏರಿಯಲ್‌ನಂಥ ಇಂಗ್ಲಿಷ್ ಫಾಂಟ್ ಹಾಕಿ ನೋಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಪದ್ಧತಿ. ಇಂಗ್ಲಿಷ್ ದೊಡ್ಡಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆಯಿರುವ ಅಕ್ಷರಗಳು ಕಲಸಿ ಬಂದರೆ ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ತುಂಬಿದ್ದು. ಆ ಫಾಂಟ್ ಇರುವ ಕಡೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಆರ್‌ಗೆ ಅದು ಇಂಗ್ಲಿಷ್ ಚಿಹ್ನೆಗಳ ಸಾಲು, ಅಷ್ಟೆ. ನುಡಿ, ಬರಹ ಎರಡರಲ್ಲೂ ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಸಾಧನ ಇದೆ. ಪಠ್ಯದ ಕಾಲಂಗಳನ್ನು ಮಾತ್ರ ಬದಲಿಸಿ. ಇಂಗ್ಲಿಷ್ ಪದ ಇರುವ ಕಾಲಂ ಕೊಟ್ಟರೆ ಆ ಪದಗಳೂ ಅರ್ಥವಿಲ್ಲದ ಕನ್ನಡವಾಗಿ ಬಿಡುತ್ತವೆ.

ಎರಡನೆಯ ಅಪಾಯ ಸಿಎಸ್‌ವಿ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಫೈಲು. ಎಕ್ಸೆಲ್‌ನ ‘ಸೇವ್ ಆ್ಯಸ್’ನಲ್ಲಿ ಹಲವು ಬಗೆಯ ಸಿಎಸ್‌ವಿ ಇವೆ. ಬರೀ ‘ಸಿಎಸ್‌ವಿ ಕಾಮಾ ಡಿಲಿಮಿಟೆಡ್’ ಎಂಬುದನ್ನು ಆರಿಸಿದರೆ, ಸಾಮಾನ್ಯ ಇಂಗ್ಲಿಷ್ ವಿಂಡೋಸ್‌ನಲ್ಲಿ ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಕೂರುತ್ತದೆ. ಇದು ತೋರಿಕೆಯ ತೊಂದರೆಯಲ್ಲ. ಅಕ್ಷರವೇ ಅಳಿಸಿಹೋಗಿದೆ, ಯಾವ ಆಜ್ಞೆಯೂ ಅದನ್ನು ಮರಳಿ ತರಲಾರದು. ಸಿಎಸ್‌ವಿ ಬೇಕೇ ಬೇಕೆಂದರೆ ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಆದರೆ ಸಿಎಸ್‌ವಿ ಹಾದಿಯನ್ನೇ ಬಿಟ್ಟು ಎಕ್ಸೆಲ್ ಫೈಲನ್ನು ನೇರವಾಗಿ ಓದುವುದು ಹೆಚ್ಚು ಸುರಕ್ಷಿತ.

ಓದುವುದು: ಮೊದಲು ಎಲ್ಲವನ್ನೂ ಪಠ್ಯವಾಗಿ

ರೀಡೆಕ್ಸ್‌ಎಲ್ ಪ್ಯಾಕೇಜಿನ ರೀಡ್_ಎಕ್ಸೆಲ್ ಕಾಲಂನ ಮೊದಲ 1000 ಸಾಲು ನೋಡಿ ಅದು ಸಂಖ್ಯೆಯೋ ಪಠ್ಯವೋ ಎಂದು ಊಹಿಸುತ್ತದೆ. ಹಸನಾಗದ ಡೇಟಾದಲ್ಲಿ ಈ ಊಹೆಯನ್ನು ನಂಬಬೇಡಿ. ಕೋಲ್_ಟೈಪ್ಸ್ ಎಂಬ ಆಯ್ಕೆಗೆ ‘ಟೆಕ್ಸ್ಟ್’ ಕೊಟ್ಟು ಎಲ್ಲ ಕಾಲಂಗಳನ್ನೂ ಪಠ್ಯವಾಗಿ ಓದಿ, ಆಮೇಲೆ ಒಂದೊಂದನ್ನೇ ನೀವೇ ಬದಲಿಸಿ. ‘ಸುಮಾರು 2’ ಎಂದು ಬರೆದ ಕೋಶ ಎಲ್ಲಿದೆ ಎಂದು ಆಗ ಗೊತ್ತಾಗುತ್ತದೆ. ಊಹೆಗೆ ಬಿಟ್ಟರೆ, ಅದು ಆ 1000 ಸಾಲಿನ ಆಚೆ ಇದ್ದಾಗ ಖಾಲಿಯಾಗಿ ಬರಬಹುದು.

ಪಠ್ಯವಾಗಿ ಓದಿದಾಗ ದಿನಾಂಕಗಳು ಐದಂಕಿಯ ಸಂಖ್ಯೆಯಾಗಿ ಬರುತ್ತವೆ. 45292 ಎಂದರೆ 2024ರ ಜನವರಿ 1. ಆ್ಯಸ್.ನ್ಯೂಮರಿಕ್‌ನಿಂದ ಪಠ್ಯವನ್ನು ಸಂಖ್ಯೆ ಮಾಡಿ ಆ್ಯಸ್.ಡೇಟ್‌ಗೆ ಕೊಡುವಾಗ ಆರಿಜಿನ್ ಆಯ್ಕೆಯಲ್ಲಿ 1899-12-30 ಎಂದು ಹೇಳಬೇಕು. ಹೇಳದಿದ್ದರೆ ಹೊಸ ಆರ್ 1970ರಿಂದ ಎಣಿಸಿ ನಿಮ್ಮ ಸಮೀಕ್ಷೆಯನ್ನು 2094ಕ್ಕೆ ಒಯ್ಯುತ್ತದೆ. ಈ ಫಂಕ್ಷನ್ನಿನಲ್ಲಿ ‘ಡೇಟ್’ನ ಮೊದಲಕ್ಷರ ದೊಡ್ಡದು ಎಂಬುದು ನೆನಪಿರಲಿ.

ಕಾಲಂಗಳ ಹೆಸರನ್ನು ಚಿಕ್ಕ ಇಂಗ್ಲಿಷ್ ಪದಕ್ಕೆ ಬದಲಿಸಿ, ಯಾವ ಹೆಸರು ಯಾವ ಪ್ರಶ್ನೆ ಎಂಬ ಪಟ್ಟಿಯನ್ನು ಪಕ್ಕದ ಹಾಳೆಯಲ್ಲಿಡಿ. ಕನ್ನಡ ಹೆಸರೂ ನಡೆಯುತ್ತದೆ, ಆದರೆ ಪ್ರತಿ ಸಲ ಬ್ಯಾಕ್‌ಟಿಕ್ (`) ಚಿಹ್ನೆಯೊಳಗೆ ಬರೆಯಬೇಕಾಗುತ್ತದೆ. ಡೇಟಾದ ಒಳಗಿನ ಕನ್ನಡ ಮಾತ್ರ ಹಾಗೇ ಇರಲಿ.

ಒಂದೇ ಹೆಸರು ಎರಡಾಗುವುದು ಹೇಗೆ

ಕೌಂಟ್ ಆಜ್ಞೆಯಿಂದ ಊರುವಾರು ಎಣಿಕೆ ತೆಗೆಯಿರಿ. ಒಂದೇ ಹೆಸರು ಎರಡು ಸಾಲಿನಲ್ಲಿ ಕಂಡರೆ ಎರಡನ್ನೂ ಎಸ್‌ಟಿಆರ್‌ಐ_ಎಸ್ಕೇಪ್_ಯೂನಿಕೋಡ್‌ಗೆ ಕೊಡಿ. ಅದು ಪ್ರತಿ ಅಕ್ಷರದ ಒಳಸಂಕೇತವನ್ನು ಬಿಡಿಸಿ ತೋರಿಸುತ್ತದೆ. ಕನ್ನಡದ ಸಂಕೇತಗಳೆಲ್ಲ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಸಾಲಿನಲ್ಲಿವೆ; ಅದರ ಹೊರಗಿನದೇನಾದರೂ ಕಂಡರೆ ಅದೇ ಕಳ್ಳ.

‘ಕೊಪ್ಪಳ’ವನ್ನು ತೆಗೆದುಕೊಳ್ಳಿ. ಮೊದಲಕ್ಷರದ ಒಕಾರಕ್ಕೆ 0ಸಿಸಿಎ ಎಂಬ ಒಂದೇ ಸಂಕೇತವಿದೆ. ಆದರೆ ಎಕಾರದ ಚಿಹ್ನೆ 0ಸಿಸಿ6, ಅದರ ಮುಂದೆ ಊಕಾರದ ಚಿಹ್ನೆ 0ಸಿಸಿ2 ಎಂದು ಎರಡು ತುಂಡಾಗಿಯೂ ಬರೆದಿರಬಹುದು. ಪರದೆಯ ಮೇಲೆ ಎರಡೂ ‘ಕೊ’. ಆರ್‌ಗೆ ಎರಡು ಬೇರೆ ಊರು. ದೀರ್ಘ ‘ಕೀ’, ‘ಕೇ’, ‘ಕೋ’ಗಳಿಗೂ ‘ಕೈ’ಗೂ ಇದೇ ಕಥೆ. ಮದ್ದು ಸುಲಭ: ಎಸ್‌ಟಿಆರ್‌ಐ_ಟ್ರಾನ್ಸ್_ಎನ್‌ಎಫ್‌ಸಿ. ತುಂಡುಗಳನ್ನು ಅದು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಪ್ರತಿ ಪಠ್ಯ ಕಾಲಂ ಮೇಲೂ, ಬೇರೆ ಏನು ಮಾಡುವ ಮೊದಲೂ, ಇದನ್ನು ಓಡಿಸಿ.

ಎನ್‌ಎಫ್‌ಸಿ ಮುಟ್ಟದೇ ಬಿಡುವುದು ಎರಡು ಅಗೋಚರ ಅಕ್ಷರಗಳನ್ನು. 200ಸಿ ಎಂಬುದು ಅಕ್ಷರಗಳು ಒತ್ತಾಗದಂತೆ ತಡೆಯುವ ಚಿಹ್ನೆ; ‘ಬೋರ್‌ವೆಲ್’ ಪದದಲ್ಲಿ ‘ರ್’ ಮತ್ತು ‘ವೆ’ ಬೇರೆ ನಿಲ್ಲುವುದು ಅದರಿಂದ. ಅದಿಲ್ಲದಿದ್ದರೆ ‘ಬೋರ್ವೆಲ್’ ಆಗುತ್ತದೆ, ಕಣ್ಣಿಗೆ ತಿಳಿಯುತ್ತದೆ. ಪದದ ಕೊನೆಯಲ್ಲಿ ಕೂತಾಗ ಮಾತ್ರ ಗೊತ್ತೇ ಆಗುವುದಿಲ್ಲ. ‘ಎಕರೆ’ಗೆ ಈ ಪೀಡೆ ಇಲ್ಲ, ‘ಟ್ರ್ಯಾಕ್ಟರ್’, ‘ಬೋರ್’ನಂಥ ವ್ಯಂಜನಾಂತ್ಯ ಪದಗಳಿಗೆ ಇದೆ. ಇನ್ನೊಂದು 200ಡಿ, ‘ರ‍್ಯಾಂಕ್’ನಲ್ಲಿ ಅರ್ಕಾವೊತ್ತು ಬಾರದೆ ಯವೊತ್ತು ಬರುವುದು ಅದರ ಬಲದಿಂದ. ಒಬ್ಬರು ‘ರ‍್ಯಾಂಕ್’ ಎಂದೂ ಇನ್ನೊಬ್ಬರು ‘ರ್ಯಾಂಕ್’ ಎಂದೂ ಹೊಡೆದಿರುತ್ತಾರೆ.

ಇವನ್ನು ಎಸ್‌ಟಿಆರ್‌ಐ_ರಿಪ್ಲೇಸ್_ಆಲ್_ಫಿಕ್ಸ್ಡ್‌ನಿಂದ ತೆಗೆಯಬಹುದು. ಆದರೆ ಮೂಲ ಕಾಲಂನಲ್ಲೇ ತೆಗೆದರೆ ವರದಿಯಲ್ಲಿ ಕನ್ನಡ ಕೆಟ್ಟು ಕಾಣುತ್ತದೆ. ಆದ್ದರಿಂದ ಎರಡು ಕಾಲಂ ಇಟ್ಟುಕೊಳ್ಳಿ: ಹೋಲಿಕೆಗೆ ಈ ಚಿಹ್ನೆಗಳಿಲ್ಲದ್ದು, ತೋರಿಸಲು ಇರುವುದು. ಖಾಲಿ ಜಾಗಕ್ಕೆ ಎಸ್‌ಟಿಆರ್_ಸ್ಕ್ವಿಷ್ ಬಳಸಿ. ಹಿಂದೆ ಮುಂದಿನ ಜಾಗ ಕತ್ತರಿಸಿ, ನಡುವಿನ ಎರಡು ಮೂರು ಜಾಗವನ್ನು ಒಂದಕ್ಕಿಳಿಸುತ್ತದೆ. ವೆಬ್‌ಪುಟದಿಂದ ನಕಲಿಸಿದಾಗ ಬರುವ ಮುರಿಯದ ಜಾಗ 00ಎ0 ಅನ್ನೂ ಹಿಡಿಯುತ್ತದೆ. ಆರ್‌ನ ಮೂಲದ ಟ್ರಿಮ್‌ಡಬ್ಲ್ಯೂಎಸ್ ಅದನ್ನು ಹಾಗೇ ಬಿಡುತ್ತದೆ. 37 ಊರು 30ಕ್ಕಿಳಿಯದೆ 32ರಲ್ಲಿ ನಿಂತರೆ, ಉಳಿದೆರಡು ನಿಜವಾದ ಕಾಗುಣಿತದ ತಪ್ಪುಗಳು.

ಅಕ್ಷರ ಎಣಿಸುವಾಗ, ಕತ್ತರಿಸುವಾಗಲೂ ಇದೇ ಎಚ್ಚರ ಬೇಕು. ‘ಕನ್ನಡ’ ನಮಗೆ ಮೂರಕ್ಷರ. ಎನ್‌ಚಾರ್ 5 ಎನ್ನುತ್ತದೆ, ಏಕೆಂದರೆ ಹಲಂತವೂ ಒತ್ತೂ ಬೇರೆ ಬೇರೆ ಎಣಿಕೆ. ಹೆಸರಿನ ಮೊದಲ ಮೂರಕ್ಷರದಿಂದ ಗುರುತು ಸಂಖ್ಯೆ ಮಾಡುವ ಯೋಚನೆ ಬಿಟ್ಟುಬಿಡಿ.

ಬೆಳೆಯ ಹೆಸರಿಗೆ ಮನುಷ್ಯರೇ ಬೇಕು

ಒಂದೇ ಬೆಳೆಗೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ಬೆಳೆ. ಶೇಂಗಾ, ಕಡಲೆಕಾಯಿ, ನೆಲಗಡಲೆ ಮೂರೂ ಒಂದೇ, ಕಡಲೆ ಬೇರೆ. ಮೆಕ್ಕೆಜೋಳ, ಗೋವಿನಜೋಳ, ಮುಸುಕಿನ ಜೋಳ ಒಂದೇ, ಬಿಳಿಜೋಳ ಬೇರೆ. ಎಸ್‌ಟಿಆರ್_ಡಿಟೆಕ್ಟ್‌ನಲ್ಲಿ ‘ಕಡಲೆ’ ಎಂದು ಹುಡುಕಿದರೆ ‘ಕಡಲೆಕಾಯಿ’ ಬೆಳೆದವರೆಲ್ಲ ಕಡಲೆಯ ಲೆಕ್ಕಕ್ಕೆ ಬಂದು ಸೇರುತ್ತಾರೆ, ‘ನೆಲಗಡಲೆ’ ಎಂದವರು ಹೊರಗುಳಿಯುತ್ತಾರೆ. ಅಕ್ಷರಗಳ ಹೋಲಿಕೆ ನೋಡಿ ತಾನೇ ಜೋಡಿಸುವ ಪ್ಯಾಕೇಜುಗಳಿಗೆ ‘ಜೋಳ’ವೂ ‘ಗೋವಿನಜೋಳ’ವೂ ನೆಂಟರಂತೆ ಕಾಣುತ್ತವೆ, ಶೇಂಗಾ ಮತ್ತು ಕಡಲೆಕಾಯಿ ಅಪರಿಚಿತರಂತೆ.

ಹಾಗಾಗಿ ಡಿಸ್ಟಿಂಕ್ಟ್ ಆಜ್ಞೆಯಿಂದ ಕಾಲಂನಲ್ಲಿರುವ ಭಿನ್ನ ಹೆಸರುಗಳ ಪಟ್ಟಿ ತೆಗೆದು, ಎರಡು ಕಾಲಂನ ಹಾಳೆ ಮಾಡಿ: ಎಡಗಡೆ ಜನ ಹೇಳಿದ್ದು, ಬಲಗಡೆ ನೀವು ಒಪ್ಪಿಕೊಂಡ ಹೆಸರು. ಬಲಗಡೆಯದನ್ನು ಆ ಸೀಮೆಯ ಬೇಸಾಯ ಬಲ್ಲವರು ತುಂಬಲಿ. ಬರೀ ‘ಜೋಳ’ ಎಂದು ಬರೆದದ್ದು ಯಾವ ಜೋಳ ಎಂಬುದು ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಹಾಳೆಗೆ ತಾಲ್ಲೂಕಿನ ಕಾಲಂ ಒಂದನ್ನು ಸೇರಿಸಿದರೆ ಅದೂ ಬಗೆಹರಿಯುತ್ತದೆ. ಆಮೇಲೆ ಲೆಫ್ಟ್_ಜಾಯಿನ್‌ನಿಂದ ಈ ಹಾಳೆಯನ್ನು ಡೇಟಾಕ್ಕೆ ಜೋಡಿಸಿ.

ಅಂಕಿ

ಕನ್ನಡ ಅಂಕಿಯಲ್ಲಿ ತುಂಬಿದ ‘೧೨’ ಅನ್ನು ಆ್ಯಸ್.ನ್ಯೂಮರಿಕ್‌ಗೆ ಕೊಟ್ಟರೆ ಎನ್‌ಎ, ಅಂದರೆ ಬಿಟ್ಟುಹೋದ ಮೌಲ್ಯ, ಬರುತ್ತದೆ. ಮೊದಲು ಸಿಎಚ್‌ಎಆರ್‌ಟಿಆರ್ ಬಳಸಿ: ಮೊದಲ ಉದ್ಧರಣೆಯಲ್ಲಿ ೦೧೨೩೪೫೬೭೮೯, ಎರಡನೆಯದರಲ್ಲಿ 0123456789, ಮೂರನೆಯದು ಕಾಲಂ. ಎರಡು ಸಾಲಿನಲ್ಲೂ ಹತ್ತು ಅಂಕಿ ಅದೇ ಕ್ರಮದಲ್ಲಿರಬೇಕು. ಟೈಡಿವರ್ಸ್‌ನಲ್ಲಿರುವ ಸ್ಟ್ರಿಂಗರ್ ಪ್ಯಾಕೇಜಿನ ಅಂಕಿ ಹುಡುಕುವ ಗುರುತು ಕನ್ನಡ ಅಂಕಿಯನ್ನೂ ಅಂಕಿ ಎಂದೇ ಒಪ್ಪುತ್ತದೆ. ‘ಅಂಕಿ ಇದೆಯಲ್ಲ’ ಎಂದು ಅದನ್ನು ನಂಬಿ ಮುಂದೆ ಹೋದರೆ ಪರಿವರ್ತನೆಯಲ್ಲಿ ಎಡವುತ್ತೀರಿ. ಸೊನ್ನೆಯ ಜಾಗದಲ್ಲಿ ಅನುಸ್ವಾರ ಹೊಡೆದಿರುವುದೂ ಉಂಟು, ‘೧ಂ’ ಎಂದು. ಅಂಕಿಯ ಕಾಲಂನಲ್ಲಿ ಅನುಸ್ವಾರಕ್ಕೆ ಬೇರೆ ಕೆಲಸವಿಲ್ಲ, ಅದನ್ನೂ 0 ಮಾಡಿ.

‘1,25,000/-’ ಎಂಬ ಹಣದ ಬರಹಕ್ಕೆ ಟೈಡಿವರ್ಸ್‌ನಲ್ಲೇ ಇರುವ ರೀಡರ್ ಪ್ಯಾಕೇಜಿನ ಪಾರ್ಸ್_ನಂಬರ್ ಸರಿಯಾಗಿ 125000 ಕೊಡುತ್ತದೆ, ನಮ್ಮ ಲಕ್ಷದ ಅಲ್ಪವಿರಾಮಕ್ಕೆ ಅದು ತಡವರಿಸುವುದಿಲ್ಲ. ಆದರೆ ‘2-3 ಲಕ್ಷ’ಕ್ಕೆ ಬರೀ 2 ಕೊಟ್ಟು ಸುಮ್ಮನಾಗುತ್ತದೆ. ‘ಲಕ್ಷ’, ‘ಸಾವಿರ’ ಪದ ಇರುವ ಸಾಲುಗಳನ್ನು ಮೊದಲೇ ಬೇರ್ಪಡಿಸಿ.

ಎಕರೆ-ಗುಂಟೆ

ಕರ್ನಾಟಕದ ಜಮೀನಿನ ಡೇಟಾದಲ್ಲಿ ಅತಿ ದೊಡ್ಡ ತಪ್ಪು ಇಲ್ಲಿಯೇ ಆಗುತ್ತದೆ, ಯಾವ ಎಚ್ಚರಿಕೆಯೂ ಇಲ್ಲದೆ ಆಗುತ್ತದೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಜನ 2.20 ಎಂದು ಬರೆಯುತ್ತಾರೆ. ಅದು ಎರಡೂವರೆ ಎಕರೆ. ಆರ್‌ಗೆ ಮಾತ್ರ ಎರಡು ಮತ್ತು ಹತ್ತರಲ್ಲಿ ಎರಡು ಭಾಗ. 2.20 ಮತ್ತು 1.30 ಕೂಡಿಸಿದರೆ ಆರ್ 3.50 ಎನ್ನುತ್ತದೆ. ನಿಜ ಉತ್ತರ 4 ಎಕರೆ 10 ಗುಂಟೆ, ಅಂದರೆ 4.25. ಎರಡೇ ಹಿಡುವಳಿಯಲ್ಲಿ ಮುಕ್ಕಾಲು ಎಕರೆ ಮಾಯ.

ಹೊಸ ಸಮೀಕ್ಷೆಯಾದರೆ ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಇಡಿ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ‘2-10’ ಎಂದು ಗೆರೆ ಹಾಕಿ ಬರೆಸಿದರೆ ಎಕ್ಸೆಲ್ ಅದನ್ನು ಅಕ್ಟೋಬರ್ 2 ಮಾಡಿಬಿಡುತ್ತದೆ, ಕೋಶವನ್ನು ಮೊದಲೇ ‘ಟೆಕ್ಸ್ಟ್’ ಮಾಡಿಡದಿದ್ದರೆ.

ಈಗಾಗಲೇ ಒಂದೇ ಕಾಲಂನಲ್ಲಿ ಚುಕ್ಕಿ ಹಾಕಿ ತುಂಬಿದ್ದರೆ ಮೊದಲು ಬರೆದ ಪದ್ಧತಿ ಯಾವುದೆಂದು ಕಂಡುಹಿಡಿಯಿರಿ. ಚುಕ್ಕಿಯ ನಂತರದ ಭಾಗವನ್ನು ಬೇರ್ಪಡಿಸಿ ಎಣಿಕೆ ತೆಗೆಯಿರಿ. ಗುಂಟೆ 39 ದಾಟುವಂತಿಲ್ಲ. 2.75, 1.50ರಂಥವು ಕಂಡರೆ ಯಾರೋ ದಶಮಾಂಶದಲ್ಲಿ ಬರೆದಿದ್ದಾರೆ. ಕ್ಷೇತ್ರಕ್ಕೆ ಹೋದವರ ಹೆಸರಿನ ಪ್ರಕಾರ ಗುಂಪು ಮಾಡಿ ನೋಡಿ. ಸಾಮಾನ್ಯವಾಗಿ ಒಬ್ಬರು ಉದ್ದಕ್ಕೂ ಒಂದೇ ಪದ್ಧತಿ ಬಳಸಿರುತ್ತಾರೆ. ಎಕ್ಸೆಲ್ ಕೊನೆಯ ಸೊನ್ನೆಯನ್ನು ನುಂಗುವುದರಿಂದ 2.20 ಎಂಬುದು 2.2 ಆಗಿರುತ್ತದೆ. ಎರಡು ಎಕರೆ ಎರಡು ಗುಂಟೆಯನ್ನು 2.02 ಎಂದು ಬರೆಯುವ ರೂಢಿ ಇತ್ತೆಂದು ಖಚಿತವಾದರೆ 2.2 ಅನ್ನು ಎರಡು ಎಕರೆ ಇಪ್ಪತ್ತು ಗುಂಟೆ ಎನ್ನಬಹುದು. ಇಲ್ಲದಿದ್ದರೆ ಕಾಗದದ ಫಾರಂ ತೆಗೆದು ನೋಡುವುದೊಂದೇ ದಾರಿ.

ಲೆಕ್ಕ ಹೀಗೆ: ಎಕರೆ = ಫ್ಲೋರ್ ಆಜ್ಞೆಯಿಂದ ಸಿಗುವ ಪೂರ್ಣಭಾಗ. ಗುಂಟೆ = ಉಳಿದ ಭಾಗ × 100, ಅದರ ಮೇಲೆ ರೌಂಡ್. ಒಟ್ಟು = ಎಕರೆ + ಗುಂಟೆ ÷ 40. ಆಣೆಯೂ ಇದ್ದರೆ ಆಣೆ ÷ 640 ಕೂಡಿಸಿ. ನಡುವಿನ ರೌಂಡ್ ಬಿಟ್ಟು ಆ್ಯಸ್.ಇಂಟಿಜರ್ ಹಾಕಿದರೆ 1.15ಕ್ಕೆ 15ರ ಬದಲು 14 ಗುಂಟೆ ಬರುತ್ತದೆ. 1.15 ಕಂಪ್ಯೂಟರಿನೊಳಗೆ ಕೂದಲೆಳೆಯಷ್ಟು ಕಡಿಮೆಯಾಗಿ ಕೂತಿರುತ್ತದೆ, ಪೂರ್ಣಾಂಕ ಮಾಡುವಾಗ ಆ ಕೂದಲೆಳೆ ಒಂದು ಗುಂಟೆಯನ್ನೇ ತಿನ್ನುತ್ತದೆ.

‘ಇಲ್ಲ’ ಎಂದರೆ ಸೊನ್ನೆಯೋ, ಖಾಲಿಯೋ

ಹಸುಗಳ ಸಂಖ್ಯೆಯ ಕಾಲಂನಲ್ಲಿ ‘ಇಲ್ಲ’ ಎಂದಿದ್ದರೆ ಅದು 0. ಆದಾಯದ ಕಾಲಂನಲ್ಲಿ ‘ಇಲ್ಲ’ ಎಂದರೆ ಆದಾಯವೇ ಇಲ್ಲವೆಂದೋ, ಹೇಳಲಿಲ್ಲವೆಂದೋ ಗೊತ್ತಿಲ್ಲ. ಎಲ್ಲ ‘ಇಲ್ಲ’ಗಳನ್ನೂ ಒಂದೇ ಏಟಿಗೆ ಎನ್‌ಎ ಮಾಡಿದರೆ ಹಸು ಇಲ್ಲದ ಮನೆಗಳು ಲೆಕ್ಕದಿಂದ ಬಿದ್ದುಹೋಗಿ, ಸರಾಸರಿ ಹಸುಗಳು ಏರುತ್ತವೆ. ಕಾಲಂ ಕಾಲಂಗೂ ಬೇರೆ ತೀರ್ಮಾನ ಮಾಡಿ, ಅದನ್ನು ಸ್ಕ್ರಿಪ್ಟ್‌ನಲ್ಲಿ ಟಿಪ್ಪಣಿಯಾಗಿ ಬರೆದಿಡಿ. 99, 999 ಎಂದು ‘ಗೊತ್ತಿಲ್ಲ’ಕ್ಕೆ ಸಂಕೇತ ಕೊಟ್ಟಿದ್ದರೆ ಅವನ್ನು ಎನ್‌ಎ ಮಾಡದೆ ಸರಾಸರಿ ಹಾಕಬೇಡಿ. ಎನ್‌ಎ ಇರುವ ಕಾಲಂನ ಸರಾಸರಿ ಎನ್‌ಎಯೇ ಬರುತ್ತದೆ, ಎನ್‌ಎ.ಆರ್‌ಎಂ ಆಯ್ಕೆಗೆ ‘ಟ್ರೂ’ ಕೊಡಬೇಕು. ಕೊಡುವ ಮೊದಲು ಎಷ್ಟು ಎನ್‌ಎ ಇವೆ ಎಂದು ಎಣಿಸಿ.

ಊರಿನ ಪಟ್ಟಿಗೆ ಜೋಡಿಸುವುದು

ಜನಗಣತಿಯ ಡೇಟಾಕ್ಕೆ ಜೋಡಿಸುವಾಗ ಊರಿನ ಹೆಸರಿನಿಂದ ಜೋಡಿಸಬೇಡಿ. ಹೊಸಹಳ್ಳಿ ಎಂಬ ಹೆಸರಿನ ಊರು ರಾಜ್ಯದ ತುಂಬ ಇವೆ. 2011ರ ಜನಗಣತಿ ಪ್ರತಿ ಗ್ರಾಮಕ್ಕೂ ಆರಂಕಿಯ ಸಂಕೇತ ಕೊಟ್ಟಿದೆ, ಅದನ್ನೇ ಬಳಸಿ, ಪಠ್ಯವಾಗಿಯೇ ಇಡಿ. ಜೋಡಿಸಿದ ಕೂಡಲೇ ಸಾಲು ಎಣಿಸಿ: 600 ಹೋಗಿ 640 ಆಗಿದ್ದರೆ ಪಟ್ಟಿಯಲ್ಲಿ ಯಾವುದೋ ಸಂಕೇತ ಎರಡು ಸಲ ಇದೆ. ಆ್ಯಂಟಿ_ಜಾಯಿನ್ ಜೋಡಿ ಸಿಗದೆ ಉಳಿದ ಸಾಲುಗಳನ್ನು ತೋರಿಸುತ್ತದೆ.

ಲೆಕ್ಕ

ಗುಂಪುವಾರು ಸಾರಾಂಶಕ್ಕೆ ಗ್ರೂಪ್_ಬೈ, ಸಮರೈಸ್ ಎರಡೇ ಸಾಕು. ಜಮೀನು, ಆದಾಯಗಳಲ್ಲಿ ನಾಲ್ಕಾರು ದೊಡ್ಡ ಹಿಡುವಳಿ ಸರಾಸರಿಯನ್ನು ಎಳೆದುಬಿಡುತ್ತವೆ. ಮೀಡಿಯನ್ ಅನ್ನೂ, ಅಂದರೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಮೌಲ್ಯವನ್ನೂ, ಪಕ್ಕದಲ್ಲಿ ಕೊಡಿ. ಫ್ಯಾಕ್ಟರ್, ಅಂದರೆ ವರ್ಗಗಳ ಪಟ್ಟಿ, ಆಗಿರುವ ಕಾಲಂ ಅನ್ನು ನೇರ ಆ್ಯಸ್.ನ್ಯೂಮರಿಕ್‌ಗೆ ಕೊಡಬೇಡಿ. ಅದು ಮೌಲ್ಯದ ಬದಲು ವರ್ಗದ ಕ್ರಮಸಂಖ್ಯೆ ಕೊಡುತ್ತದೆ, 10 ಎಕರೆಯವರು 2 ಆಗಿಬಿಡಬಹುದು. ಮೊದಲು ಆ್ಯಸ್.ಕ್ಯಾರೆಕ್ಟರ್, ಆಮೇಲೆ ನ್ಯೂಮರಿಕ್. ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಬಗೆಯ ಉತ್ತರಗಳಿಗೆ ಲೆವೆಲ್ಸ್ ಆಯ್ಕೆಯಲ್ಲಿ ಕ್ರಮವನ್ನು ನೀವೇ ಬರೆಯಿರಿ, ಇಲ್ಲವಾದರೆ ಅಕಾರಾದಿ ಕ್ರಮ ಬರುತ್ತದೆ.

ಇನ್ನು, 600 ಮನೆಗಳನ್ನು ಬಿಡಿಬಿಡಿಯಾಗಿ ಆರಿಸಿಲ್ಲ, ಮೊದಲು ಊರು, ಆಮೇಲೆ ಮನೆ ಆರಿಸಿದ್ದೀರಿ. ಒಂದೇ ಊರಿನವರಿಗೆ ಮಳೆ, ಮಣ್ಣು, ಸಂತೆ ಎಲ್ಲ ಒಂದೇ. ಇಪ್ಪತ್ತು ಮನೆಯಿಂದ ಇಪ್ಪತ್ತು ಹೊಸ ಸಂಗತಿ ಸಿಗುವುದಿಲ್ಲ. ಊರೊಳಗಿನ ಸಹಸಂಬಂಧ, ಅಂದರೆ ಒಂದೇ ಊರಿನ ಮನೆಗಳು ಒಂದನ್ನೊಂದು ಹೋಲುವ ಪ್ರಮಾಣ, 0.05 ಇದ್ದರೂ ಅಂದಾಜಿನ ಏರುಪೇರು ಹೇಳುವ ವ್ಯತ್ಯಯ 1 + (20 - 1) × 0.05 = 1.95 ಪಟ್ಟಾಗುತ್ತದೆ, ಅಂದರೆ 600 ಮನೆ ಸುಮಾರು 308 ಮನೆಗೆ ಸಮ. ಎರಡು ಗುಂಪಿನ ಸರಾಸರಿ ಹೋಲಿಸುವ ಸಾಮಾನ್ಯ ಟಿ.ಟೆಸ್ಟ್‌ಗೆ ಇದು ತಿಳಿಯದು. ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುತ್ತದೆ.

ಇದಕ್ಕೆಂದೇ ಥಾಮಸ್ ಲಮ್ಲಿ ಬರೆದ ಸರ್ವೆ ಪ್ಯಾಕೇಜು ಇದೆ. ಮೊದಲು ಪ್ರತಿ ಮನೆಗೆ ತೂಕ ಹಾಕಿ. ತಾಲ್ಲೂಕಿನ 120 ಊರಿನಲ್ಲಿ 30 ಆರಿಸಿದ್ದರೆ 4; ಆ ಊರಿನ 240 ಮನೆಯಲ್ಲಿ 20 ಆರಿಸಿದ್ದರೆ 12; ತೂಕ 4 × 12 = 48. ಆ ಮನೆ 48 ಮನೆಗಳ ಪರವಾಗಿ ನಿಂತಿದೆ. ಎಸ್‌ವಿವೈಡಿಸೈನ್ ಆಜ್ಞೆಯಲ್ಲಿ ಐಡಿಎಸ್‌ಗೆ ಊರಿನ ಸಂಕೇತ, ವೇಟ್ಸ್‌ಗೆ ತೂಕ, ಡೇಟಾಕ್ಕೆ ನಿಮ್ಮ ಕೋಷ್ಟಕ. ಕಾಲಂ ಹೆಸರಿನ ಮುಂದೆ ಅಲೆಗೆರೆ, ಅಂದರೆ ಟಿಲ್ಡೆ, ಮರೆಯಬೇಡಿ. ಆಮೇಲೆ ಎಸ್‌ವಿವೈಮೀನ್‌ನಿಂದ ಸರಾಸರಿ, ಎಸ್‌ವಿವೈಬೈಯಿಂದ ಗುಂಪುವಾರು, ಎಸ್‌ವಿವೈಟಿಟೆಸ್ಟ್‌ನಿಂದ ಹೋಲಿಕೆ.

ಸ್ತರಗಳಾಗಿ, ಅಂದರೆ ತಾಲ್ಲೂಕಿನಂಥ ಪ್ರತಿ ವಿಭಾಗದಿಂದಲೂ ಬೇರೆ ಬೇರೆಯಾಗಿ, ಆರಿಸಿದ್ದಾಗ ಎರಡು ದೋಷ ಸಾಮಾನ್ಯ. ಊರುಗಳಿಗೆ ಪ್ರತಿ ತಾಲ್ಲೂಕಿನಲ್ಲೂ 1, 2, 3 ಎಂದು ಸಂಖ್ಯೆ ಕೊಟ್ಟಿದ್ದರೆ ಸ್ತರದೊಳಗೆ ಗುಂಪು ಕೂತಿಲ್ಲ ಎಂದು ಎಸ್‌ವಿವೈಡಿಸೈನ್ ಆಕ್ಷೇಪಿಸುತ್ತದೆ. ನೆಸ್ಟ್‌ಗೆ ‘ಟ್ರೂ’ ಕೊಡಿ. ಒಂದು ಸ್ತರದಲ್ಲಿ ಒಂದೇ ಊರು ಉಳಿದಿದ್ದರೆ ವ್ಯತ್ಯಯ ಲೆಕ್ಕ ಹಾಕಲಾಗದೆ ನಿಲ್ಲುತ್ತದೆ. ಸರ್ವೆ.ಲೋನ್ಲಿ.ಪಿಎಸ್‌ಯು ಎಂಬ ಆಪ್ಷನ್ನಿಗೆ ‘ಅಡ್ಜಸ್ಟ್’ ಕೊಟ್ಟರೆ ಮುಂದುವರಿಯುತ್ತದೆ, ಆದರೆ ಪಕ್ಕದ ಸ್ತರದ ಜೊತೆ ಸೇರಿಸುವುದು ಸಾಧ್ಯವೇ ಎಂದು ಮೊದಲು ಯೋಚಿಸಿ.

ಅಕಾರಾದಿ, ಗ್ರಾಫ್, ಹೊರಗೆ ಕಳಿಸುವುದು

ಟೈಡಿವರ್ಸ್‌ನಲ್ಲಿರುವ ಡಿಪ್ಲೈಯರ್ ಪ್ಯಾಕೇಜಿನ ಅರೇಂಜ್ ಸಾಲುಗಳನ್ನು ಸಂಕೇತದ ಕ್ರಮದಲ್ಲಿ ಜೋಡಿಸುತ್ತದೆ. ಸಂಕೇತದ ಸಾಲಿನಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಹಾಗಾಗಿ ಬಳ್ಳಾರಿ ಬಸವಕಲ್ಯಾಣಕ್ಕಿಂತ ಮೇಲೆ ಕೂರುತ್ತದೆ. ಅರೇಂಜ್‌ನ .ಲೊಕೇಲ್ ಆಯ್ಕೆಗೆ ಕೆಎನ್ ಎಂಬ ಎರಡಕ್ಷರ ಕೊಟ್ಟರೆ ಕನ್ನಡದ ಅಕಾರಾದಿ ಬರುತ್ತದೆ.

ಗ್ರಾಫ್ ಬಿಡಿಸುವ ಜಿಜಿಪ್ಲಾಟ್‌ನ ಥೀಮಿನಲ್ಲಿ ಬೇಸ್_ಫ್ಯಾಮಿಲಿಗೆ ಕನ್ನಡ ಫಾಂಟಿನ ಹೆಸರು ಕೊಡಿ: ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ, ಇಲ್ಲವಾದರೆ ನೋಟೋ ಸ್ಯಾನ್ಸ್ ಕನ್ನಡ ಹಾಕಿಕೊಳ್ಳಿ. ಚೌಕಗಳು ಕಂಡರೆ ಫಾಂಟ್ ಸಿಕ್ಕಿಲ್ಲ. ಅಕ್ಷರ ಬಂದು ಒತ್ತು ಬಿಡಿಯಾಗಿ ಬಿದ್ದರೆ ಫಾಂಟ್ ಸರಿಯಿದೆ, ಅಕ್ಷರ ಜೋಡಿಸುವ ಸಾಧನ ಸರಿಯಿಲ್ಲ. ರ‍್ಯಾಗ್ ಹಾಕಿಕೊಂಡಿದ್ದರೆ ಗ್ರಾಫನ್ನು ಫೈಲಾಗಿ ಉಳಿಸುವ ಜಿಜಿಸೇವ್ ಪಿಎನ್‌ಜಿಗೆ ತಾನೇ ಅದನ್ನು ಬಳಸುತ್ತದೆ. ಅಗಲ 16 ಸೆಂಟಿಮೀಟರ್, ಎತ್ತರ 10, ಡಿಪಿಐ 300 ಇಟ್ಟರೆ ಎ4 ಪುಟದ ವರದಿಗೆ ಸರಿಹೊಂದುತ್ತದೆ. ಅಳತೆಯ ಘಟಕವನ್ನು ಸೆಂಟಿಮೀಟರ್ ಎಂದು ಹೇಳಲೇಬೇಕು, ಹೇಳದಿದ್ದರೆ ಇಂಚು. ಮಾಮೂಲಿ ಪಿಡಿಎಫ್ ಆಜ್ಞೆ ಕನ್ನಡಕ್ಕೆ ಬದಲು ಚುಕ್ಕಿಗಳನ್ನು ಬರೆಯುತ್ತದೆ, ಅದನ್ನು ಬಳಸಬೇಡಿ.

ಕೋಷ್ಟಕವನ್ನು ಎಕ್ಸೆಲ್ ಬಳಸುವವರಿಗೆ ಕಳಿಸುವಾಗ ರೈಟ್_ಸಿಎಸ್‌ವಿ ಬೇಡ, ರೈಟ್_ಎಕ್ಸೆಲ್_ಸಿಎಸ್‌ವಿ ಇರಲಿ. ಇದು ಫೈಲಿನ ತಲೆಯಲ್ಲಿ ಯುಟಿಎಫ್-8ರ ಗುರುತು ಹಾಕುತ್ತದೆ. ಗುರುತಿಲ್ಲದ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಕನ್ನಡವನ್ನು ಕಲಸಿಬಿಡುತ್ತದೆ. ತೋರಿಸಲೆಂದು ಉಳಿಸಿಕೊಂಡ ಹೆಸರಿನ ಕಾಲಂ ಹೋಗಬೇಕಾದದ್ದು ಈ ಫೈಲಿಗೆ. ಹೋಲಿಕೆಯ ಕಾಲಂ ಹೊರಗೆ ಹೋಗಬೇಕಿಲ್ಲ. ಜೊತೆಗೆ ಸೆಶನ್‌ಇನ್ಫೋ ಕೊಡುವ ಆವೃತ್ತಿಗಳ ಪಟ್ಟಿಯನ್ನು ಒಂದು ಪಠ್ಯ ಫೈಲಿಗೆ ಹಾಕಿ ಅದೇ ಫೋಲ್ಡರಿನಲ್ಲಿಡಿ. ಆ ಹೆಸರಿನಲ್ಲೂ ‘ಇನ್ಫೋ’ದ ಮೊದಲಕ್ಷರ ದೊಡ್ಡದು.